ಜಾಜಿಕಾಯಿ ಒಂದೇ ಸುತ್ತು

ಸಂಜೆ ಹೊತ್ತು ಹಾಲು ಕುಡಿದ ಮೇಲೆ ಮುಷ್ಟಿ ಬಿಗಿದು, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ತಿರುಗುತ್ತಿರುವ ತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಹಾಲು ಕೆಟ್ಟಿಲ್ಲ. ನಿಮ್ಮ ಕೈಯಲ್ಲಿ ದೋಷವಿಲ್ಲ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಬೇಕಾದವಳು ಬೇರೆಯೇ ಏನೋ ಮಾಡಿದಳು. ಆ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಮಾತು ಅಲ್ಲಲ್ಲಿ ಖಾರವಾದರೆ ಸಹಿಸಿಕೊಳ್ಳಿ.

ಎಂಬತ್ತರ ದಶಕದ ನಡುವಿನ ಮಾತು. ಚೊಚ್ಚಲ ಹೆರಿಗೆಗೆ ನಾನು ತವರೂರು ಕುಬಿಹಾಳಕ್ಕೆ ಬಂದಿದ್ದೆ. ಗಂಡ ಅಣ್ಣಿಗೇರಿಯಲ್ಲಿ ಸಾಲಿ ಮಾಸ್ತರರು, ರವಿವಾರಕ್ಕೊಮ್ಮೆ ಬಂದು ಮಗಳ ಮುಖ ನೋಡಿಕೊಂಡು ಹೋಗುತ್ತಿದ್ದರು. ಗೀತಾ ಹುಟ್ಟಿ ಮೂರು ವಾರ ಎಲ್ಲ ಚೆನ್ನಾಗಿತ್ತು. ನಾಲ್ಕನೆಯ ವಾರ ಶುರುವಾಯಿತು ನೋಡಿ. ಹೊಲದಿಂದ ಎತ್ತುಗಳು ಬಂದು ಕೊಟ್ಟಿಗೆಯಲ್ಲಿ ನಿಂತವೆಂದರೆ ಇವಳ ಪಾಳಿ. ಹಾಲು ಬಾಯಿಗೆ ಹಿಡಿದರೆ ನಾಲ್ಕು ಗುಟುಕು ಕುಡಿದು ಬಿಲ್ಲಿನ ಹಾಗೆ ಬೆನ್ನು ಬಾಗಿಸಿ ಚೀರುತ್ತಿದ್ದಳು. ಬಿಟ್ಟರೆ ಹಸಿವೆ, ಹಿಡಿದರೆ ನೋವು. ಮೂರು ತಾಸು ಹೀಗೇ. ಆಮೇಲೆ ಏನೂ ಆಗೇ ಇಲ್ಲವೆಂಬಂತೆ ಮಲಗಿಬಿಡುತ್ತಿದ್ದಳು. ನಾನು ಮಾತ್ರ ಬೆವೆತು, ಸೆರಗೆಲ್ಲ ಹಾಲು ಕಾರಿಸಿಕೊಂಡು, ಗೋಡೆಗೆ ಒರಗಿ ಕೂತು ಅಳುತ್ತಿದ್ದೆ.

ನನ್ನ ಅವ್ವನ ಬಗ್ಗೆ ಈಗಲೇ ಹೇಳಬೇಕು. ಗಂಗವ್ವ ಅಂದರೆ ಊರಿಗೆಲ್ಲ ಗೊತ್ತು. ಕುಬಿಹಾಳದಲ್ಲಿ ಹುಟ್ಟಿದ ಅರ್ಧ ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆದವಳು ಅವಳೇ. ಯಾವ ಕೂಸು ಅತ್ತರೂ "ಗಂಗವ್ವನ ಕೈಯಾಗ ಕೊಡ್ರಿ, ಸುಮ್ಮನಾಗ್ತೈತಿ" ಅನ್ನುತ್ತಿದ್ದರು. ದುಡ್ಡು ಕೊಡಲು ಬಂದರೆ ಬೈದು ಕಳಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಆ ಮಾತು ಮಾತ್ರ.

ಅವಳ ಹತ್ತಿರ ಒಂದು ತೇಯುವ ಕಲ್ಲಿತ್ತು, ಅಂಗೈಯಗಲದ್ದು, ನಡುವೆ ಸವೆದು ತಗ್ಗಾದದ್ದು. ಜೊತೆಗೆ ಒಂದು ತಗಡಿನ ಡಬ್ಬಿ. ಅದರಲ್ಲಿ ಬಜಿ ಬೇರು, ಅಳಲಕಾಯಿ, ಒಣ ಶುಂಠಿ, ಜಾಜಿಕಾಯಿ. ಕೂಸಿಗೆ ಎರೆದ ಮೇಲೆ ಕಲ್ಲಿನ ಮೇಲೆ ನಾಲ್ಕು ಹನಿ ತಾಯಿಯ ಹಾಲು ಹಾಕಿ, ಒಂದೊಂದನ್ನೂ ಇಷ್ಟಿಷ್ಟೇ ಸುತ್ತು ಎಂದು ತೇಯ್ದು ಬೆರಳಿನಿಂದ ನೆಕ್ಕಿಸುವುದು. ಸುತ್ತಿನ ಲೆಕ್ಕ ಅವ್ವನಿಗೆ ಮಂತ್ರವಿದ್ದಂತೆ. ಬಜಿ ಎರಡು, ಅಳಲಕಾಯಿ ಎರಡು. ಜಾಜಿಕಾಯಿಗೆ ಬಂದಾಗ ಮಾತ್ರ ದನಿ ಬದಲಿಸಿ, "ಇದು ಒಂದ ಸುತ್ತು. ಎರಡ ಆದ್ರ ಕೂಸಿಗೆ ಮಬ್ಬು ಬರತೈತಿ. ನೆನಪಿಟಗೋ ಸಾವಿತ್ರಿ" ಅನ್ನುತ್ತಿದ್ದಳು. ನಾನು ಸಣ್ಣವಳಿದ್ದಾಗಿನಿಂದ ಬೇರೆಯವರ ಕೂಸುಗಳಿಗೆ ತೇಯುವಾಗಲೂ ಇದೇ ಮಾತು ಕೇಳಿ ಬೆಳೆದಿದ್ದೆ. ಬಾಣಂತಿ ಆ ಕಲ್ಲನ್ನು ಮುಟ್ಟಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಹೀಗಾಗಿ ನಾನು ಕತ್ತಲೆ ಕೋಣೆಯಲ್ಲಿ ಹೊರಸಿನ ಮೇಲೆ, ಅವಳು ಹೊರಗೆ ಪಡಸಾಲೆಯಲ್ಲಿ.

ಊರ ಕೂಸುಗಳೆಲ್ಲ ಸುಮ್ಮನಾಗುವ ಕೈಯಲ್ಲಿ ಅವಳ ಸ್ವಂತ ಮೊಮ್ಮಗಳು ಸುಮ್ಮನಾಗಲಿಲ್ಲ. ದಿನಾ ಸಂಜೆ ಆ ಚೀರಾಟ ಓಣಿಯ ತುದಿಯವರೆಗೆ ಕೇಳಿಸುತ್ತಿತ್ತು. ಬಾಜು ಮನೆಯವರು ಬಾಗಿಲಲ್ಲಿ ಇಣುಕಿ "ಏನ ಗಂಗವ್ವಾ, ನಿನ್ನ ಕೈಗೂ ಬಗ್ಗವಲ್ಲದಲ್ಲ ಕೂಸು!" ಎಂದು ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು. ಒಳಗೆ ಬಂದ ಮೇಲೆ ಅವಳ ಮುಖ ಗಂಟಾಗುತ್ತಿತ್ತು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಳು. ಬಟ್ಟೆ ಬೆಚ್ಚಗೆ ಮಾಡಿ ಹೊಟ್ಟೆಗೆ ಕಾಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಖರೇ ಹೇಳು. ಏನ ತಿಂದಿ ನೀ?"

ಅನ್ನ, ತುಪ್ಪ, ಮೆಣಸಿನ ಪುಡಿ, ಸಬ್ಬಸಗಿ ಪಲ್ಯ. ನಲವತ್ತು ದಿನದಿಂದ ಇದೇ. ನನಗೆ ಅನ್ನ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಆದರೆ ಒಂದು ತಪ್ಪು ನನ್ನ ಕಡೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ತಮ್ಮ ಒಂದು ದಿನ ಕುಂದಗೋಳದ ಸಂತೆಯಿಂದ ಬರುವಾಗ ಪೇಪರಿನಲ್ಲಿ ಸುತ್ತಿ ಮಿರ್ಚಿ ಭಜಿ ತಂದಿದ್ದ. ಆ ವಾಸನೆಗೆ ನನ್ನ ಪ್ರಾಣವೇ ಹಾರಿತು. ಅವನನ್ನು ಕಾಡಿ ಬೇಡಿ ಒಂದನ್ನು ತೆಗೆದುಕೊಂಡು, ಕೌದಿಯೊಳಗೆ ಮುಖ ಹುದುಗಿಸಿಕೊಂಡು ಕಳ್ಳಿಯ ಹಾಗೆ ತಿಂದೆ. ಆಹಾ, ಏನು ರುಚಿ! ಈಗ ನೆನೆದರೂ ಬಾಯಲ್ಲಿ ನೀರು ಬರುತ್ತದೆ. ಅವ್ವ ಹಾಗೆ ಕೇಳಿದಾಗ ತಡೆಯಲಾಗದೆ ಅಳುತ್ತಾ ಒಪ್ಪಿಕೊಂಡೆ.

ಅವ್ವ ಬೈಯಲಿಲ್ಲ. ತಲೆ ಸವರಿದಳು. "ಹೋಗ್ಲಿ ಬಿಡು ನಮ್ಮವ್ವಾ. ಯಾರ ಮುಂದೂ ಹೇಳಂಗಿಲ್ಲ ನಾ. ನಿನ್ನ ಅತ್ತಿ ಕಿವಿಗೆ ಬಿದ್ರ ಜನ್ಮ ಪೂರ್ತಿ ಆಡಕೋತಾಳ" ಅಂದಳು. ಆ ಹೊತ್ತಿಗೆ ಅವಳಷ್ಟು ದೊಡ್ಡವರು ನನಗೆ ಯಾರೂ ಇರಲಿಲ್ಲ.

ಅದಾಗಿ ನಾಲ್ಕೈದು ದಿನಕ್ಕೆ ಒಂದು ಸಂಜೆ ಗೀತಾ ಅಳಲಿಲ್ಲ. ಎತ್ತು ಬಂದವು, ಕಂದೀಲು ಹಚ್ಚಿದರು, ಇವಳು ತೊಟ್ಟಿಲಲ್ಲಿ ಕಣ್ಣು ಮುಚ್ಚಿ ತಣ್ಣಗೆ ಮಲಗಿದ್ದಳು. ಮರುದಿನವೂ ಹಾಗೇ. ನನಗೆ ಕುಣಿಯಬೇಕು ಅನ್ನಿಸಿತು. ಒಂದು ತಿಂಗಳ ಮೇಲೆ ಮೊದಲ ಸಲ ಬಿಸಿ ಅನ್ನವನ್ನು ಬಿಸಿ ಇರುವಾಗಲೇ ಉಂಡೆ. ಅವ್ವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಬಾಜು ಮನೆಯವರು ಬಂದು "ಕಡೀಕೂ ಬಗ್ಗಿಸಿದೆಲ್ಲ ಗಂಗವ್ವಾ!" ಅಂದರು. ಅವ್ವ "ನಂದೇನೈತಿ ಅದರಾಗ, ಶಿವನ ದಯಾ" ಎಂದು ಸೆರಗು ಸರಿ ಮಾಡಿಕೊಂಡಳು.

ಒಂದು ವಾರ ಕಳೆಯಿತು. ಗೀತಾ ಸಂಜೆಯಷ್ಟೇ ಅಲ್ಲ, ಹಗಲಿಡೀ ಮಲಗತೊಡಗಿದಳು. ಎಬ್ಬಿಸಿ ಹಾಲು ಬಾಯಿಗೆ ಹಿಡಿದರೆ ಎರಡು ಸಲ ಚೀಪಿ ಬಾಯಿ ಸಡಿಲ ಬಿಡುತ್ತಿದ್ದಳು. ನನ್ನ ಎದೆ ಕಲ್ಲಾಗಿ ನೋಯುತ್ತಿತ್ತು. ಹಿಂಡಿ ಚೆಲ್ಲುವಾಗ ಜೀವ ಹಿಂಡಿದಂತಾಗುತ್ತಿತ್ತು. ಅವಳ ಕೆನ್ನೆ ಇಳಿಯಿತು. ತೊಡೆಯ ಮೇಲಿನ ಮಡಿಕೆ ಕರಗಿತು.

"ಅವ್ವಾ, ಯಾಕೋ ಸರಿ ಅನಸವಲ್ಲದು."

"ಅಳತಿದ್ರ ಅಳತಾಳ ಅಂತಿ, ಮಲಗಿದ್ರ ಮಲಗ್ತಾಳ ಅಂತಿ. ನಿನಗ ಬಗಿಹರಿಯೋದ ಇಲ್ಲ ಬಿಡು. ಮಲಗೋ ಕೂಸು ಬೆಳೀತೈತಿ."

ನಾನು ನಂಬಿದೆ. ನೂರಾರು ಕೂಸು ಎತ್ತಿದವಳ ಮಾತು ನಂಬದೆ ಇನ್ಯಾರ ಮಾತು ನಂಬಲಿ?

ಆ ರವಿವಾರ ನಮ್ಮವರು ಬಂದರು. ತೊಟ್ಟಿಲಿಂದ ಮಗಳನ್ನು ಎತ್ತಿಕೊಂಡರು. ಅವಳ ಕೈ ಹಸಿ ಬಟ್ಟೆಯ ಹಾಗೆ ಜೋತು ಬಿತ್ತು. ಅಂಗಾಲಿಗೆ ಚಿವುಟಿದರು, ಅಳಲಿಲ್ಲ. ಅವರ ಮುಖ ಬಿಳಿಚಿತು. "ಸಾವಿತ್ರಿ, ಸೀರಿ ಬದಲಿ ಮಾಡು. ಹುಬ್ಬಳ್ಳಿಗೆ ಹೋಗೂಣು" ಅಂದರು. ಅವ್ವ "ಬಾಣಂತಿನ್ನ ಬಸ್ಸಿನ್ಯಾಗ ಹ್ಯಾಂಗ ಒಯ್ತೀರಿ ಅಳಿಯಾರ, ಗಾಳಿ ಹತ್ತತೈತಿ, ನಾಳೆ ನೋಡೂಣು" ಎಂದು ಎರಡು ಸಲ ಹೇಳಿದಳು. ಅವರು ಕೇಳಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಕೂಸಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಕೂತಿದ್ದೆ. ಅವ್ವ ನನ್ನ ಪಕ್ಕದಲ್ಲಿ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಜಪ ಮಾಡುತ್ತಿದ್ದಾಳೆ ಅಂದುಕೊಂಡೆ.

ಮಕ್ಕಳ ದವಾಖಾನೆಯ ಆ ಬೆಂಚು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಸಿರು ಬಣ್ಣ ಎದ್ದುಹೋದ ಉದ್ದನೆಯ ಬೆಂಚು. ಅದರ ತುಂಬ ತಾಯಂದಿರು, ಎಲ್ಲರ ತೊಡೆಯ ಮೇಲೂ ಅಳುವ ಕೂಸು. ನನ್ನದೊಂದೇ ಸುಮ್ಮನೆ. ಬಾಜು ಕೂತಿದ್ದ ಹೆಂಗಸು ತನ್ನ ಮಗನನ್ನು ತಟ್ಟುತ್ತಾ "ನಿಮ್ಮ ಕೂಸು ಭಾಳ ಶಾಣ್ಯಾ ಬಿಡ್ರಿ, ಒಟ್ಟ ಹಟಾ ಮಾಡಂಗಿಲ್ಲ" ಅಂದಳು. ಅವಳ ಕೂಸಿನ ಕಿರುಚಾಟ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಕೂಸಿನ ಅಳುವಿಗೆ ಹೊಟ್ಟೆಕಿಚ್ಚುಪಡುವ ದಿನ ಬರುತ್ತದೆಂದು ಒಂದು ತಿಂಗಳ ಹಿಂದೆ ಯಾರಾದರೂ ಹೇಳಿದ್ದರೆ ಉಗಿದು ಕಳಿಸುತ್ತಿದ್ದೆ.

ಡಾಕ್ಟರು ವಯಸ್ಸಾದವರು. ಗೀತಾಳ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ನೆತ್ತಿ ಮುಟ್ಟಿದರು, ಚಪ್ಪಾಳೆ ತಟ್ಟಿದರು. ಆಮೇಲೆ ಕುರ್ಚಿ ಎಳೆದುಕೊಂಡು ನಮ್ಮೆದುರೇ ಕೂತರು.

"ಕೂಸಿಗೆ ಏನ ಕುಡಿಸೀರಿ? ಬೈಯಂಗಿಲ್ಲ ನಾ. ಖರೇ ಹೇಳ್ರಿ."

"ನನ್ನ ಹಾಲು ಬಿಟ್ರ ಏನಿಲ್ರಿ. ತೇಯ್ದ ಔಷಧ ಒಂದಿಷ್ಟು" ಅಂದೆ.

"ಯಾರು ತೇಯೋರು?"

"ನಮ್ಮ ಅವ್ವರಿ."

ಅವರು ಅವ್ವನ ಕಡೆ ತಿರುಗಿದರು. "ಜಾಜಿಕಾಯಿ ಹಾಕ್ತೀರೇನ್ರಿ ಅಮ್ಮಾರ? ಎಷ್ಟ?"

"ಒಂದ ಸುತ್ತರಿ" ಅಂದಳು ಅವ್ವ.

"ಹೆಚ್ಚಿಗಿ ಏನಾರ? ನೆನಪ ಮಾಡಕೊಂಡ ಹೇಳ್ರಿ. ಕೂಸಿನ ಜೀವದ ಪ್ರಶ್ನೆ ಐತಿ."

"ಒಂದ ಸುತ್ತರಿ ಸಾಹೇಬ್ರ. ಮೂವತ್ತು ವರ್ಷದ ಕೈ ಇದು."

ನಾನೂ ಮುಂದೆ ಬಂದು, "ನಮ್ಮ ಅವ್ವ ಅಂಥಾಕಿ ಅಲ್ರಿ. ಒಂದ ಸುತ್ತಿಗಿಂತ ಹೆಚ್ಚಿಗಿ ತೇಯಾಕಿ ಅಲ್ಲ. ನಾ ಆಣಿ ಮಾಡ್ತೀನಿ" ಅಂದೆ. ಆ ಮಾತು ನಾನೇ ಆಡಿದೆ. ಗೀತಾಳನ್ನು ಎದೆಗೆ ಅವಚಿಕೊಂಡೇ ಆಡಿದೆ.

ಆಗ ಅವ್ವ ಅಷ್ಟಕ್ಕೇ ನಿಲ್ಲಲಿಲ್ಲ. ನನ್ನ ಮುಖ ನೋಡದೆ, ನಮ್ಮವರ ಕಡೆ ನೋಡುತ್ತಾ ಹೇಳಿದಳು: "ಈಕಿನ ಪಥ್ಯಾ ಮುರದಾಳ್ರಿ. ಹಸೀ ಬಾಣಂತಿ ಮಿರ್ಚಿ ಭಜಿ ಕದ್ದ ತಿಂದಾಳ. ಕೂಸಿಗೆ ಅದ ಬಾಧಿಸೇತಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮವರು ನನ್ನನ್ನು ನೋಡಿದ ಆ ನೋಟವನ್ನು ನಾನು ಯಾರಿಗೂ ಹಾರೈಸುವುದಿಲ್ಲ. ಡಾಕ್ಟರು ಮಾತ್ರ "ತಾಯಿ ಮಿರ್ಚಿ ತಿಂದ್ರ ಕೂಸು ಹಿಂಗ ಮಬ್ಬಾಗಂಗಿಲ್ಲ ಬಿಡ್ರಿ" ಎಂದು ಎದ್ದರು. "ಏನೂ ಕೊಟ್ಟಿಲ್ಲ ಅಂದ್ರ ಮಿದುಳಿಗೆ ನಂಜು ಏರೇತೇನು ಅಂತ ನೋಡಬೇಕಾಗ್ತೈತಿ. ಬೆನ್ನಾಗಿನ ನೀರು ತಗೀಬೇಕು."

ಅದನ್ನು ಹೇಗೆ ಬರೆಯಲಿ? ಎರಡು ತಿಂಗಳು ತುಂಬದ ಕೂಸನ್ನು ಮಡಚಿ ಹಿಡಿದು ಬೆನ್ನಿಗೆ ಸೂಜಿ ಚುಚ್ಚಿದರು. ನಾನು ಪರದೆಯ ಹೊರಗೆ ನಿಂತಿದ್ದೆ. ಒಳಗಿಂದ ಒಂದು ಸಣ್ಣ ನರಳಿಕೆ ಕೇಳಿತು, ಅಷ್ಟೇ. ಅಳುವಷ್ಟು ಶಕ್ತಿ ಅವಳಿಗಿರಲಿಲ್ಲ. ಅವ್ವ ಬೆಂಚಿನ ಮೇಲೆ ಕರಡಿಗೆ ಹಿಡಿದು ಕೂತಿದ್ದಳು. ಎರಡು ಹೆಜ್ಜೆ ನಡೆದು ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಆ ಸೂಜಿ ಬೇಕಾಗಿರಲಿಲ್ಲ. ಅವಳು ಏಳಲಿಲ್ಲ.

ನೀರಿನಲ್ಲಿ ಏನೂ ಸಿಗಲಿಲ್ಲ. ಗೀತಾಳನ್ನು ವಾರ್ಡಿಗೆ ಸೇರಿಸಿ ಸಲೈನ್ ಹಚ್ಚಿದರು. ಡಾಕ್ಟರು ಹೇಳಿದ್ದು ಇಷ್ಟೇ: "ತಾಯಿ ಹಾಲು ಬಿಟ್ಟು ಎಲ್ಲಾ ಬಂದ್. ಔಷಧ ಇಲ್ಲ, ನೀರಿಲ್ಲ, ಜೇನಿಲ್ಲ." ಮರುದಿನ ಬೆಳಿಗ್ಗೆ ಅವ್ವ, ಮನೆಯಲ್ಲಿ ಎಮ್ಮೆ ಹಿಂಡುವವರಿಲ್ಲ ಎಂದು ಊರಿಗೆ ಹೋದಳು. ನಮ್ಮವರು ರಜೆ ಹಾಕಿ ಉಳಿದರು, ಆದರೆ ನನ್ನ ಜೊತೆ ಮಾತಾಡಲಿಲ್ಲ. ನಾನು ಹಾಲು ಹಿಂಡಿ ಚಮಚದಿಂದ ತೊಟ್ಟು ತೊಟ್ಟಾಗಿ ಹಾಕುತ್ತಾ, "ಒಂದ ಮಿರ್ಚಿಗಾಗಿ ನನ್ನ ಮಗಳನ್ನ ಕೊಂದುಕೊಂಡ್ನೇನೋ" ಎಂದು ಒಳಗೊಳಗೇ ಸಾಯುತ್ತಿದ್ದೆ.

ಮೂರನೆಯ ದಿನ ಸಂಜೆ ವಾರ್ಡಿನ ಕಿಟಕಿಯಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಗೀತಾ ಮುಷ್ಟಿ ಬಿಗಿದಳು. ಮೊಣಕಾಲು ಮೇಲಕ್ಕೆಳೆದಳು. ಆಮೇಲೆ ಬಾಯಿ ತೆಗೆದು ಇಡೀ ವಾರ್ಡು ಹಾರಿಹೋಗುವ ಹಾಗೆ ಚೀರಿದಳು. ನರ್ಸು ಓಡಿ ಬಂದರು. ನಾನೂ ಅಳುತ್ತಿದ್ದೆ, ನಗುತ್ತಲೂ ಇದ್ದೆ.

"ಯಾಕ ಅಳ್ತಿ? ಅಳ್ಳಾಕತ್ತಾಳಂದ್ರ ಬದುಕಿದ್ಲು ಈಕಿ" ಎಂದು ನರ್ಸು ಕೂಸನ್ನು ತಮ್ಮ ಮುಂಗೈ ಮೇಲೆ ಬೋರಲಾಗಿ ಹಾಕಿಕೊಂಡರು. ತಲೆ ಮೊಣಕೈ ಕಡೆ, ಕಾಲು ಎರಡೂ ಕಡೆ ಇಳಿಬಿದ್ದಿದ್ದವು. ಬೆನ್ನು ಸವರುತ್ತಾ ನಡೆದಾಡಿದರು. "ಕೂಸುಗೋಳು ಹಾಲು ಕುಡಿಯೂ ಮುಂದ ಗಾಳಿ ನುಂಗ್ತಾವು. ನಡುವ ನಡುವ ಹೆಗಲಿಗೆ ಹಾಕ್ಕೊಂಡು ತೇಗಿಸು. ಸಂಜೀಕ ಇದು ಬರೂದ. ಮೂರು ನಾಲ್ಕು ತಿಂಗಳಿಗೆ ತಾನ ಹೋಗ್ತೈತಿ." ಅಷ್ಟರಲ್ಲಿ ಗೀತಾ ದೊಡ್ಡವರ ಹಾಗೆ ಒಂದು ತೇಗು ತೇಗಿದಳು. ಅಯ್ಯೋ ನನ್ನ ಕರ್ಮವೇ, ಇಷ್ಟೇ ಏನು ಇದು ಅನ್ನಿಸಿತು.

ದವಾಖಾನೆಯಿಂದ ನೇರ ಅಣ್ಣಿಗೇರಿಗೆ ಹೋಗುವುದೆಂದು ನಮ್ಮವರು ತೀರ್ಮಾನಿಸಿದರು. ಬಟ್ಟೆಬರೆ ತರಲು ಕುಬಿಹಾಳಕ್ಕೆ ಹೋದೆವು. ಅವ್ವ ಹಿತ್ತಲಲ್ಲಿದ್ದಳು. ಗೀತಾಳನ್ನು ಹೆಗಲಿಗೆ ಹಾಕಿಕೊಂಡೇ ಅವಳ ತಲೆಗೆ ಹಾಕುವ ಕುಲಾಯಿ ಹುಡುಕುತ್ತಾ ಪಡಸಾಲೆಯ ಗೂಡಿಗೆ ಕೈ ಹಾಕಿದೆ. ತಗಡಿನ ಡಬ್ಬಿ ಸಿಕ್ಕಿತು. ಯಾಕೋ ತೆರೆದೆ.

ಬಜಿಯ ತುಂಡು ತಂದಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಳಲಕಾಯಿಯೂ ಹಾಗೇ. ಜಾಜಿಕಾಯಿ ಅರ್ಧ ಇರಲಿಲ್ಲ. ಬಾಣಂತನಕ್ಕೆಂದೇ ತಂದ ಹೊಸ ಕಾಯಿ ಅದು, ಇಡಿಯಾಗಿದ್ದುದನ್ನು ನನ್ನ ಕಣ್ಣಿಂದ ನೋಡಿದ್ದೆ. ದಿನಕ್ಕೊಂದು ಸುತ್ತಿಗೆ ಆ ಗಟ್ಟಿ ಕಾಯಿಯ ಮೇಲಿನ ಸಿಪ್ಪೆಯೂ ಸರಿಯಾಗಿ ಹೋಗುವುದಿಲ್ಲ. ಇದು ಒಂದು ಕಡೆ ಸಪಾಟಾಗಿ, ನುಣ್ಣಗೆ, ಒಳಗಿನ ಕಂದು ಗೆರೆಗಳೆಲ್ಲ ಕಾಣುವಷ್ಟು ಸವೆದಿತ್ತು. ಅದನ್ನು ಕೈಯಲ್ಲಿ ಹಿಡಿದು ನಿಂತೆ.

ಅವ್ವ ಒಳಗೆ ಬಂದಳು. ನನ್ನ ಕೈ ನೋಡಿದಳು.

"ಅವ್ವಾ, ಎಷ್ಟ ಸುತ್ತ ತೇಯ್ದಿ?"

"ಒಂದ."

"ಒಂದ ಸುತ್ತಿಗೆ ಅರ್ಧಾ ಕಾಯಿ ಎಲ್ಲಿ ಹೋತ ಬೇ?"

"ಇಲಿ ಕಡದಿರಬೇಕು."

ಮುಚ್ಚಿದ ತಗಡಿನ ಡಬ್ಬಿಯೊಳಗೆ ಇಲಿ! ನನಗೆ ಸಿಟ್ಟಿಗಿಂತ ನಾಚಿಕೆಯಾಯಿತು, ಅವಳ ಪರವಾಗಿ. "ಕೂಸಿನ ಬೆನ್ನಾಗ ಸೂಜಿ ಹಾಕಿದ್ರು ಅವ್ವಾ. ನೀ ನೋಡಕೋತ ಕುಂತಿದ್ದಿ. ನಾ ನಿನ್ನ ಸಲುವಾಗಿ ಆಣಿ ಮಾಡಿದ್ನೆಲ್ಲ ಬೇ. ನನ್ನ ಮಿರ್ಚಿ ಮಾತು ಅಲ್ಲಿ ಯಾಕ ತಗದಿ?" ದನಿ ಏರದಂತೆ ಹಲ್ಲು ಕಚ್ಚಿ ಕೇಳಿದೆ, ನಮ್ಮವರು ಹೊರಗೆ ಕಟ್ಟೆಯ ಮೇಲಿದ್ದರು.

ಅವ್ವ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಳ ಒತ್ತಿ ಗೂಡಿನಲ್ಲಿ ಇಟ್ಟಳು. ಆಮೇಲೆ "ಕೂಸಿನ್ನ ಕೊಡು ಇಲ್ಲೆ, ಹೋಗೂ ಮುಂದ ಒಮ್ಮಿ ಎತಗೋತೀನಿ" ಎಂದು ಎರಡೂ ಕೈ ಮುಂದೆ ಮಾಡಿದಳು. ನಾನು ಕೊಡಲಿಲ್ಲ. ಕೂಸನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ.

ಅಣ್ಣಿಗೇರಿಯಲ್ಲಿ ಗೀತಾ ಇನ್ನೂ ಎರಡು ತಿಂಗಳು ಸಂಜೆ ಅತ್ತಳು. ನಾನು ಮುಂಗೈ ಮೇಲೆ ಹಾಕಿಕೊಂಡು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ತಿರುಗಿದೆ. ಕೆಲವು ಸಂಜೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಗ ಸುಮ್ಮನೆ ಎತ್ತಿಕೊಂಡಿರುತ್ತಿದ್ದೆ, ಅಷ್ಟೇ. ಸುಸ್ತಾದರೆ ನಮ್ಮವರ ಕೈಗೆ ಕೊಟ್ಟು ಹಿತ್ತಲಲ್ಲಿ ಐದು ನಿಮಿಷ ನಿಂತು ಬರುತ್ತಿದ್ದೆ. ಇದರಲ್ಲಿ ತಪ್ಪೇನಿಲ್ಲ, ನೀವೂ ಹಾಗೇ ಮಾಡಿ. ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಒಂದು ಸಂಜೆ ಅವಳು ಅಳುವುದನ್ನು ಮರೆತು ಕಂದೀಲಿನ ಕುಡಿ ನೋಡುತ್ತಾ ಮಲಗಿದ್ದಳು. ಓಡಿಹೋಗಿ ಅಂಗಾಲು ಚಿವುಟಿದೆ. "ಆಂ!" ಎಂದು ಜಗಳಕ್ಕೆ ಬಂದಳು. ಎತ್ತಿ ಮುದ್ದಿಟ್ಟೆ.

ಜಾಜಿಕಾಯಿಯ ವಿಷಯ ನಮ್ಮವರಿಗೆ ನಾನು ಹೇಳಲಿಲ್ಲ. ಹೇಳಿದರೆ ತವರಿನ ಬಾಗಿಲು ಮುಚ್ಚಿದಂತೆ, ನಾಳೆ ತಮ್ಮನಿಗೆ ಹೆಣ್ಣು ಕೊಡುವವರೂ ಹಿಂದೆ ಮುಂದೆ ನೋಡಿಯಾರು. ಹಾಗಾಗಿ ಮಿರ್ಚಿಯ ಕಳಂಕ ನನ್ನ ತಲೆಯ ಮೇಲೇ ಉಳಿಯಿತು. ನಮ್ಮವರಿಂದ ಸಂಗತಿ ಕೇಳಿದ ಅತ್ತೆ, ತಾವು ಇದ್ದಷ್ಟು ದಿನ, ಬಂದ ಬೀಗರ ಮುಂದೆಲ್ಲ "ನಮ್ಮ ಸೊಸಿ ಕೈಗೆ ಮಿರ್ಚಿ ಕೊಡಬ್ಯಾಡ್ರಿ, ಕೂಸಿಗೆ ದವಾಖಾನಿ ತೋರಿಸಿದಾಕಿ" ಎಂದು ನಗುತ್ತಿದ್ದರು. ನಾನೂ ನಕ್ಕೆ. ಪ್ರತಿಸಲ ಒಳಗೆ ಏನೋ ಚುಚ್ಚುತ್ತಿತ್ತು. ಅವ್ವ ಆ ವರ್ಷದಿಂದ ಊರ ಕೂಸುಗಳಿಗೆ ತೇಯುವುದನ್ನು ಬಿಟ್ಟಳೆಂದು ತಮ್ಮ ಹೇಳಿದ. ಕೈ ನೋವು ಅನ್ನುತ್ತಾಳಂತೆ. ಆದರೆ ನನ್ನ ಎದುರು ಯಾವತ್ತೂ ಆ ಮಾತು ತೆಗೆಯಲಿಲ್ಲ. ನಾನು ಹೋಗುತ್ತಿದ್ದೆ, ಬರುತ್ತಿದ್ದೆ, ಹೋಳಿಗೆ ಉಣ್ಣುತ್ತಿದ್ದೆ. ಅವಳು ಒಂದು ಸಲ "ತಪ್ಪಾತು" ಅಂದಿದ್ದರೆ ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದೆ.

ಬಹಳ ವರ್ಷಗಳ ಮೇಲೆ ಅವ್ವ ಬಿದ್ದು ಸೊಂಟ ಮುರಿದುಕೊಂಡಳು. ತಮ್ಮನ ಹೆಂಡತಿಗೆ ಒಬ್ಬಳಿಗೇ ಆಗದೆಂದು ಒಂದು ತಿಂಗಳು ಅವಳ ಸೇವೆಗೆ ಕುಬಿಹಾಳದಲ್ಲಿ ಉಳಿದೆ. ನೋವಿಗೆ ನಿದ್ದೆ ಹತ್ತುತ್ತಿರಲಿಲ್ಲ. ಡಾಕ್ಟರು ನಿದ್ದೆಯ ಗುಳಿಗೆ ಬರೆದುಕೊಟ್ಟಿದ್ದರು, ಸಂಜೆ ಊಟವಾದ ಮೇಲೆ ಒಂದು. ಮೊದಲ ಸಂಜೆ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದುಕೊಂಡು ಹೋಗಿ ಅವಳ ತಲೆಯ ಹತ್ತಿರ ಕೂತೆ.

"ಏನದು?" ಅಂದಳು.

"ನಿದ್ದಿ ಗುಳಗಿ ಅವ್ವಾ."

"ಎಷ್ಟ?"

"ಒಂದ."

ಅವ್ವ ಗುಳಿಗೆಗೆ ಬಾಯಿ ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಹೆದರಿಕೆಯಿತ್ತು, ನನ್ನ ಬಗ್ಗೆಯೇ ಹೆದರಿಕೆ.

"ಕೈ ತಗದು ತೋರಸು" ಅಂದಳು.

ಅಂಗೈ ತೆರೆದೆ. ಒಂದೇ ಗುಳಿಗೆ ಇತ್ತು. ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಂಬಿಗೆ ಹಿಡಿದಿದ್ದ ನನ್ನ ಇನ್ನೊಂದು ಕೈಯ ಕಡೆ ಕಣ್ಣು ಹೊರಳಿಸಿದಳು. ತಂಬಿಗೆ ಕೆಳಗಿಟ್ಟು ಆ ಕೈಯನ್ನೂ ತೆರೆದು ತೋರಿಸಿದೆ.

ಆಗ ಅವ್ವ ಬಾಯಿ ತೆಗೆದಳು.